ಮಗುವಿನ ಕಣ್ಣಿನಲ್ಲಿ ಬಿಳಿಯ ಹೊಳಪು



ಮಗುವಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸಬೇಕು, ತೂಕ ನೋಡಿಸಬೇಕು ಎಂಬ ಮಾತುಗಳನ್ನು ನೀವು ಅನೇಕ ಸಭೆಗಳಲ್ಲಿ ಕೇಳಿದ್ದೀರಿ. ಇಂದು ನಾನು ಹೇಳಲಿರುವುದು ಹೆಚ್ಚಾಗಿ ಯಾರೂ ಪ್ರಸ್ತಾಪಿಸದ ಒಂದು ರೋಗದ ವಿಷಯ. ಅದು ಎಳೆಯ ಮಕ್ಕಳ ಕಣ್ಣಿನಲ್ಲಿ ಹುಟ್ಟುವ ಕ್ಯಾನ್ಸರ್.

ಕಣ್ಣುಗುಡ್ಡೆಯ ಒಳಭಾಗದಲ್ಲಿ, ಹಿಂಬದಿಗೆ, ಬೆಳಕನ್ನು ಗ್ರಹಿಸುವ ತೆಳುವಾದ ಪೊರೆಯೊಂದಿದೆ. ಅದಕ್ಕೆ ಅಕ್ಷಿಪಟಲವೆಂದು ಹೆಸರು. ಅಲ್ಲಿ ಹುಟ್ಟುವ ಗಂತಿಯನ್ನು ವೈದ್ಯರು ರೆಟಿನೋಬ್ಲಾಸ್ಟೋಮ ಎನ್ನುತ್ತಾರೆ. ಸುಮಾರು 15,000ದಿಂದ 20,000 ಶಿಶುಗಳಲ್ಲಿ ಒಂದಕ್ಕೆ ಈ ರೋಗ ಬರುತ್ತದೆ. ವಿರಳವೆನಿಸಿದರೂ ನಮ್ಮಂತಹ ದೊಡ್ಡ ದೇಶದಲ್ಲಿ ಪ್ರತಿವರ್ಷ ಸಾವಿರಕ್ಕೂ ಹೆಚ್ಚು ಮಕ್ಕಳು ಇದಕ್ಕೆ ತುತ್ತಾಗುತ್ತಾರೆ. ಇವರಲ್ಲಿ ಬಹುತೇಕ ಎಲ್ಲರೂ ಐದು ವರ್ಷದೊಳಗಿನವರು. ತನಗೆ ಕಣ್ಣು ಕಾಣುತ್ತಿಲ್ಲವೆಂದು ಆ ವಯಸ್ಸಿನ ಮಗು ಹೇಳಲಾರದು. ಆದುದರಿಂದ ರೋಗವನ್ನು ಮೊದಲು ಕಾಣಬೇಕಾದವರು ನೀವೇ.

ಮುಖ್ಯ ಲಕ್ಷಣವೆಂದರೆ ಕಣ್ಣಿನ ಪಾಪೆಯಲ್ಲಿ ಬಿಳಿಯ ಹೊಳಪು. ಕತ್ತಲೆಯಲ್ಲಿ ಬೆಕ್ಕಿನ ಕಣ್ಣು ಮಿನುಗುವಂತೆ, ಸಂಜೆ ದೀಪದ ಬೆಳಕಿನಲ್ಲಿ ಮಗು ಒಂದು ಕಡೆಗೆ ತಿರುಗಿದಾಗ ಪಾಪೆಯು ಬೆಳ್ಳಗೆ ಮಿನುಗುತ್ತದೆ. ಮೊಬೈಲಿನಲ್ಲಿ ಫ್ಲಾಶ್ ಹಾಕಿ ತೆಗೆದ ಚಿತ್ರದಲ್ಲಿ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಕಂಡುಬರಬಹುದು. ಎರಡನೆಯ ಲಕ್ಷಣ ಮೆಳ್ಳೆಗಣ್ಣು. ಹುಟ್ಟಿದ ಮೊದಲ ಎರಡು ಮೂರು ತಿಂಗಳು ಶಿಶುವಿನ ಕಣ್ಣು ಆಗಾಗ ಓರೆಯಾಗುವುದುಂಟು. ಅನಂತರವೂ ಹಾಗೆಯೇ ಉಳಿದರೆ ಪರೀಕ್ಷೆ ಅಗತ್ಯ. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಸುಮ್ಮನಿರುವುದು ಸಲ್ಲದು. ಕಣ್ಣು ಕೆಂಪಾಗಿ ನೋಯುವುದು, ಗುಡ್ಡೆ ದೊಡ್ಡದಾಗುವುದು, ಹೊರಕ್ಕೆ ಚಾಚಿಕೊಳ್ಳುವುದು ರೋಗ ಬಲಿತ ಮೇಲಿನ ಲಕ್ಷಣಗಳು.

ಬಿಳಿಯದೆಲ್ಲವೂ ಕ್ಯಾನ್ಸರ್ ಅಲ್ಲವೆಂಬುದನ್ನೂ ತಿಳಿಯಿರಿ. ಹುಟ್ಟಿನಿಂದ ಬಂದ ಪೊರೆಯೂ ಪಾಪೆಯನ್ನು ಬೆಳ್ಳಗೆ ಮಾಡುತ್ತದೆ. ಬಿಳಿಗುಡ್ಡೆಯ ಮೇಲೆ ನೊರೆಯಂತೆ ಕಾಣುವ ಮಚ್ಚೆ 'ಎ' ಅನ್ನಾಂಗದ ಕೊರತೆಯ ಗುರುತು. ಇವಕ್ಕೂ ಚಿಕಿತ್ಸೆ ಬೇಕೇ ಬೇಕು. ಯಾವುದು ಯಾವ ರೋಗವೆಂದು ನಿರ್ಧರಿಸುವುದು ವೈದ್ಯರ ಕೆಲಸ. ತಡಮಾಡದೆ ತೋರಿಸುವುದು ನಿಮ್ಮ ಕೆಲಸ.

ಕಣ್ಣಿನ ಸುತ್ತ ಬೇರೆ ಕ್ಯಾನ್ಸರುಗಳೂ ಬರುತ್ತವೆ. ಕಣ್ಣಿನ ಗೂಡಿನಲ್ಲಿ ಹುಟ್ಟುವ ಒಂದು ಬಗೆಯ ಗಂತಿಯು ಕೆಲವೇ ದಿನಗಳಲ್ಲಿ, ವಾರಗಳಲ್ಲಿ ಕಣ್ಣನ್ನು ಹೊರಕ್ಕೆ ನೂಕುತ್ತದೆ. ಆಟವಾಡುವಾಗ ಬಿದ್ದ ಪೆಟ್ಟೆಂದು ಮನೆಯವರು ತಿಳಿಯುತ್ತಾರೆ. ಪೆಟ್ಟಿನ ಊತ ದಿನೇ ದಿನೇ ಇಳಿಯಬೇಕು, ಏರುತ್ತಿದ್ದರೆ ಅನುಮಾನಿಸಬೇಕು. ಪೆಟ್ಟು ತಗಲದೆಯೇ ಎರಡು ಕಣ್ಣುಗಳ ಸುತ್ತ ಚರ್ಮ ಕಪ್ಪುಗಟ್ಟಿದರೆ, ದೇಹದ ಬೇರೆಡೆ ಇರುವ ಕ್ಯಾನ್ಸರ್ ಅಲ್ಲಿಗೆ ಹರಡಿರಬಹುದು.

ರೋಗವನ್ನು ಪತ್ತೆಮಾಡುವ ಕ್ರಮವನ್ನು ವಿವರಿಸುತ್ತೇನೆ. ಮೊದಲು ವೈದ್ಯರು ಮಬ್ಬುಗತ್ತಲೆಯ ಕೋಣೆಯಲ್ಲಿ ಸಣ್ಣ ಉಪಕರಣದಿಂದ ಎರಡು ಕಣ್ಣುಗಳಿಗೂ ಬೆಳಕು ಬಿಟ್ಟು ನೋಡುತ್ತಾರೆ. ಆರೋಗ್ಯವಂತ ಕಣ್ಣಿನಿಂದ ಕೆಂಪು ಛಾಯೆ ಮರಳಿ ಬರುತ್ತದೆ. ಅದು ಬಾರದಿದ್ದರೆ ನೇತ್ರತಜ್ಞರ ಬಳಿಗೆ ಕಳುಹಿಸುತ್ತಾರೆ. ಅಲ್ಲಿ ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ, ಮಗು ಅಲುಗಾಡದಂತೆ ಅರಿವಳಿಕೆ ಕೊಟ್ಟು, ಅಕ್ಷಿಪಟಲವನ್ನು ಪೂರ್ಣವಾಗಿ ಪರೀಕ್ಷಿಸುತ್ತಾರೆ. ಒಂದು ಕಣ್ಣಿನಲ್ಲಿ ಮಾತ್ರ ಬಿಳುಪು ಕಂಡಿದ್ದರೂ ಎರಡನ್ನೂ ನೋಡಲೇಬೇಕು. ಬಳಿಕ ಧ್ವನಿತರಂಗಗಳ ಸ್ಕ್ಯಾನ್ ಮಾಡುತ್ತಾರೆ. ಗಂತಿಯೊಳಗಿನ ಸುಣ್ಣದ ಕಣಗಳು ಅದರಲ್ಲಿ ಕಾಣುತ್ತವೆ. ರೋಗವು ಕಣ್ಣಿನ ನರದ ಮೂಲಕ ಮಿದುಳಿನತ್ತ ಸಾಗಿದೆಯೇ ಎಂದು ತಿಳಿಯಲು ಎಂ.ಆರ್.ಐ. ಚಿತ್ರ ಬೇಕಾಗುತ್ತದೆ. ಬೇರೆ ಗಂತಿಗಳಲ್ಲಿ ಚೂರನ್ನು ತೆಗೆದು ಪರೀಕ್ಷಿಸುವುದು ವಾಡಿಕೆ. ಅಕ್ಷಿಪಟಲದ ಈ ಗಂತಿಗೆ ಮಾತ್ರ ಸೂಜಿ ಚುಚ್ಚುವುದಿಲ್ಲ; ಚುಚ್ಚಿದರೆ ರೋಗದ ಕಣಗಳು ಹೊರಬಂದು ಹರಡುವ ಅಪಾಯವಿದೆ.

ಬೇಗ ಬಂದ ಮಗುವಿಗೆ ಲೇಸರ್ ಕಿರಣ, ಶೀತಚಿಕಿತ್ಸೆ, ಔಷಧಿಗಳ ಮೂಲಕ ಕಣ್ಣನ್ನೇ ಉಳಿಸಲು ಸಾಧ್ಯವಾಗಬಹುದು. ರೋಗವು ಕಣ್ಣುಗುಡ್ಡೆಯೊಳಗೆ ಇರುವಾಗಲೇ ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ. ಗಂತಿ ಕಣ್ಣನ್ನು ತುಂಬಿದ್ದರೆ ಆ ಕಣ್ಣನ್ನು ತೆಗೆಯಬೇಕಾಗುತ್ತದೆ.

ಇಲ್ಲಿಯೇ ಅನೇಕ ಕುಟುಂಬಗಳು ಹಿಂಜರಿಯುತ್ತವೆ. "ಹೆಣ್ಣು ಮಗು ಸ್ವಾಮಿ, ಕಣ್ಣು ತೆಗೆಸಿದರೆ ನಾಳೆ ಮದುವೆಯಾಗುವುದು ಹೇಗೆ?" ಎಂದು ಕೇಳುತ್ತಾರೆ. ಊರಿಗೆ ಹೋಗಿ ಹಿರಿಯರನ್ನು ವಿಚಾರಿಸಿ ಬರುತ್ತೇವೆಂದು ಹೊರಡುತ್ತಾರೆ. ಆ ತಂದೆತಾಯಿಗಳ ಸಂಕಟ ಸುಳ್ಳಲ್ಲ. ಆದರೆ ತೆಗೆಯುವುದು ಆಗಲೇ ದೃಷ್ಟಿ ಕಳೆದುಕೊಂಡ ಕಣ್ಣನ್ನು, ಉಳಿಸುವುದು ಪ್ರಾಣವನ್ನು. ಗಾಯ ಮಾಗಿದ ಬಳಿಕ ಕೃತಕ ಕಣ್ಣನ್ನು ಅಳವಡಿಸುತ್ತಾರೆ. ಒಂದು ಕಣ್ಣಿನಿಂದಲೇ ಮಗು ಓದಿ, ಆಡಿ, ದುಡಿದು ಬಾಳಬಲ್ಲದು. ತಿಂಗಳುಗಟ್ಟಲೆ ತಡಮಾಡಿದರೆ ರೋಗವು ಮಿದುಳಿಗೂ ಮೂಳೆಗಳಿಗೂ ಹರಡುತ್ತದೆ. ಆಗ ಮದುವೆಯ ಮಾತಿರಲಿ, ಮಗುವೇ ಉಳಿಯುವುದು ಕಷ್ಟ.

ಇದು ಅಂಟುರೋಗವಲ್ಲ, ಗ್ರಹಣದ ದೋಷವೂ ಅಲ್ಲ, ತಾಯಿ ಬಸುರಿನಲ್ಲಿ ತಿಂದ ಪದಾರ್ಥದ ಫಲವೂ ಅಲ್ಲ. ಸೊಸೆಯನ್ನು ದೂಷಿಸುವುದು ಅನ್ಯಾಯ. ಜೀವಕೋಶದ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಒಂದು ಜೀನು ನಮ್ಮಲ್ಲಿ ಜೋಡಿಯಾಗಿದೆ. ಆ ಜೋಡಿಯ ಎರಡೂ ಕೆಟ್ಟಾಗ ಈ ಗಂತಿ ಹುಟ್ಟುತ್ತದೆಂದು ಅಮೆರಿಕದ ವೈದ್ಯ ಆಲ್‌ಫ್ರೆಡ್ ನಡ್ಸನ್ 1971ರಲ್ಲಿ ಸೂಚಿಸಿದರು. ಜೀನು 1986ರಲ್ಲಿ ಪತ್ತೆಯಾಯಿತು. ಬಹಳಷ್ಟು ಮಕ್ಕಳ ಮನೆತನದಲ್ಲಿ ಮೊದಲು ಯಾರಿಗೂ ಈ ರೋಗವಿರುವುದಿಲ್ಲ. ಆದರೆ ಬಾಲ್ಯದಲ್ಲಿ ಎರಡೂ ಕಣ್ಣುಗಳಿಗೆ ರೋಗ ಬಂದಿದ್ದವರ ಪ್ರತಿ ಮಗುವಿಗೂ ಈ ದೋಷ ಬರುವ ಸಂಭವ ನೂರಕ್ಕೆ 50ರಷ್ಟಿದೆ. ಅಂತಹ ಮನೆಯಲ್ಲಿ ಹುಟ್ಟಿದ ಶಿಶುವನ್ನು ಮೊದಲ ದಿನಗಳಿಂದಲೇ ತಜ್ಞರಿಗೆ ತೋರಿಸಬೇಕು. ರೋಗಿಯ ಅಣ್ಣತಮ್ಮ, ಅಕ್ಕತಂಗಿಯರನ್ನೂ ಪರೀಕ್ಷಿಸಬೇಕು. ಮುಂದಿನ ಮಗುವಿನ ಬಗ್ಗೆ ದಂಪತಿಗಳು ವೈದ್ಯರ ಸಲಹೆ ಪಡೆದು, ಇಬ್ಬರೂ ಕೂಡಿ ನಿರ್ಧರಿಸುವುದು ಒಳ್ಳೆಯದು.

ಮಗುವಿನ ಕಣ್ಣಿಗೆ ಸೊಪ್ಪಿನ ರಸ, ಎದೆಹಾಲು, ಅಂಗಡಿಯಲ್ಲಿ ಕೇಳಿ ತಂದ ಹನಿಗಳನ್ನು ಹಾಕಬೇಡಿ. ಪಾಪೆ ಬೆಳ್ಳಗೆ ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೆ ಬಂದಾಗಲೂ ತೋರಿಸಬಹುದು. ಬೆಂಗಳೂರಿನಲ್ಲಿ ಕಣ್ಣಿಗೆ ಮಿಂಟೊ ಆಸ್ಪತ್ರೆಯೂ ಕ್ಯಾನ್ಸರಿಗೆ ಕಿದ್ವಾಯಿ ಸಂಸ್ಥೆಯೂ ಇವೆ, ಎರಡೂ ಸರ್ಕಾರದವು. ಬಡ ಕುಟುಂಬಗಳು ಪಡಿತರ ಚೀಟಿ ಹಾಗೂ ಆಧಾರ್ ಚೀಟಿಯನ್ನು ಜೊತೆಗೆ ತಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಕೇಳಲು ಅನುಕೂಲ.

ಇಂದು ಸಂಜೆ ಮನೆಗೆ ಹೋದ ಮೇಲೆ ನಿಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಕಣ್ಣುಗಳನ್ನೂ ಒಮ್ಮೆ ಗಮನವಿಟ್ಟು ನೋಡಿರಿ. ಅನುಮಾನ ಬಂದರೆ ಕೇಂದ್ರಕ್ಕೆ ಕರೆತನ್ನಿರಿ. ಏನೂ ಇಲ್ಲವೆಂದು ತಿಳಿದರೆ ನಿಮ್ಮಷ್ಟೇ ಸಂತೋಷ ನಮಗೂ ಆಗುತ್ತದೆ.