ಗೋಡೆಯಿಲ್ಲದ ಜೈಲು

ಸಂಸ್ಕೃತ ಪಂಡಿತೆಗೆ ಜೈಲಿನಲ್ಲೇನು ಕೆಲಸ? ಶಿಕಾಗೋ ವಿಶ್ವವಿದ್ಯಾಲಯದಲ್ಲಿ 1900ರಲ್ಲಿ ಸಂಸ್ಕೃತದಲ್ಲೇ ಪಿಎಚ್‌.ಡಿ. ಪಡೆದ ಮೇರಿ ಬೆಲ್ ಹ್ಯಾರಿಸ್, 1914ರಲ್ಲಿ ನ್ಯೂಯಾರ್ಕಿನ ಬ್ಲ್ಯಾಕ್‌ವೆಲ್ಸ್ ದ್ವೀಪದ ಬಂದೀಖಾನೆಯಲ್ಲಿ ಮಹಿಳಾ ಕೈದಿಗಳ ಹೊಣೆ ಹೊತ್ತರು. ಕಿಕ್ಕಿರಿದ ಆ ಜೈಲಿಗೆ ಪುಸ್ತಕಾಲಯ ಬಂತು. ಬಯಲಿನಲ್ಲಿ ಓಡಾಡಲು ಬಿಟ್ಟರು. ಕೋಣೆಯೊಳಗೆ ಹೆಣಿಗೆಗೆ ಅನುಮತಿ ಕೊಟ್ಟರು, ಇಸ್ಪೀಟಿಗೂ! ನಮ್ಮ ಹಿರಿಯರಾಗಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರು, ಬಿಡಿ.

ಮುಂದೆ ನ್ಯೂಜೆರ್ಸಿಯಲ್ಲೂ ಇಂಥದೇ ಹೊಣೆ. ಆಮೇಲೆ 1927ರಲ್ಲಿ ವೆಸ್ಟ್ ವರ್ಜೀನಿಯಾದ ಆಲ್ಡರ್ಸನ್‌ನಲ್ಲಿ ಅಮೆರಿಕದ ಮೊದಲ ಫೆಡರಲ್ ಮಹಿಳಾ ಕಾರಾಗೃಹ ತೆರೆದಾಗ ಮುಖ್ಯಸ್ಥೆ ಇವರೇ. ಸುತ್ತ ಎತ್ತರದ ಗೋಡೆಯಿಲ್ಲ. ಪುಟ್ಟ ಪುಟ್ಟ ಮನೆಗಳು, ಹೊಲದ ಕೆಲಸ, ಪಾಠ. ಬಿಡುಗಡೆಯಾದವಳು ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬುದು ಅವರ ಹಟ. 1941ರಲ್ಲಿ ನಿವೃತ್ತರಾದರು.

ಜೈಲು ನಡೆಸಿದವರನ್ನು ನೆನೆಯುವ ರೂಢಿ ನಮಗಿಲ್ಲ. ಇವರನ್ನು ನೆನೆಯಲೇಬೇಕು.