ಉಪಗ್ರಹದ ಚೂರಿಗಿರುವ ಬೆಲೆ

(ಧುಪದಾಳದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಘಟಪ್ರಭೆಯ ದಂಡೆಯ ಈ ಕಬ್ಬಿನ ಸೀಮೆಯಲ್ಲಿ ಒಬ್ಬನ ಎತ್ತು ಇನ್ನೊಬ್ಬನ ಬೆಳೆ ಮೇಯ್ದರೆ ಎತ್ತಿನ ಉದ್ದೇಶವೇನಿತ್ತೆಂದು ಯಾರೂ ವಿಚಾರಿಸುವುದಿಲ್ಲ. ಎತ್ತು ಯಾರದು ಎಂದಷ್ಟೇ ಕೇಳುತ್ತಾರೆ. ಬಾಹ್ಯಾಕಾಶದ ಅಂತಾರಾಷ್ಟ್ರೀಯ ಕಾನೂನು ಹೆಚ್ಚುಕಡಿಮೆ ಇದೇ ನ್ಯಾಯದ ಮೇಲೆ ನಿಂತಿದೆ. 1967ರ ಒಡಂಬಡಿಕೆಯ ಪ್ರಕಾರ ಖಾಸಗಿ ಕಂಪೆನಿಯ ಬಾಹ್ಯಾಕಾಶ ಚಟುವಟಿಕೆಗೂ ಅದರ ದೇಶದ ಸರಕಾರವೇ ಹೊಣೆ. ಉಪಗ್ರಹ ನೆಲಕ್ಕೆ ಬಿದ್ದು ಹಾನಿಯಾದರೆ, 1972ರ ಒಡಂಬಡಿಕೆಯಂತೆ, ಉಡಾಯಿಸಿದ ದೇಶದ ತಪ್ಪನ್ನು ಸಾಬೀತುಪಡಿಸುವ ಅಗತ್ಯವೂ ಇಲ್ಲ. ನಮ್ಮ ಬೆಂಗಳೂರಿನ ಇಸ್ರೋ ಉಡಾಯಿಸುವ ಉಪಗ್ರಹಗಳಿಗೂ ಇದು ಅನ್ವಯ.

1978ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ 954 ಎಂಬ ಉಪಗ್ರಹ ಕೆನಡಾದ ವಾಯವ್ಯ ಭಾಗದ ನಿರ್ಜನ ಹಿಮಪ್ರದೇಶದಲ್ಲಿ ಬಿತ್ತು. ಅದರಲ್ಲಿ ಪರಮಾಣು ಇಂಧನವಿತ್ತು. ಒಬ್ಬರೂ ಸಾಯಲಿಲ್ಲ. ಆದರೂ ಸೋವಿಯತ್ ಸರಕಾರ 1981ರಲ್ಲಿ 30 ಲಕ್ಷ ಕೆನಡಿಯನ್ ಡಾಲರ್ ಪಾವತಿಸಿತು.

ಇನ್ನು ಮನುಷ್ಯರ ವಿಷಯಕ್ಕೆ ಬರೋಣ. ಜನಾಂಗ ಹತ್ಯೆಯನ್ನು ಅಪರಾಧವೆಂದು ಸಾರಿದ ಒಡಂಬಡಿಕೆ 1948ರದು. ಒಂದು ಜನಸಮೂಹವನ್ನು ಪೂರ್ಣವಾಗಿ ಅಥವಾ ಭಾಗಶಃ ನಾಶಪಡಿಸುವ ಉದ್ದೇಶವಿತ್ತೆಂದು ಇಲ್ಲಿ ರುಜುವಾತಾಗಬೇಕು. ಉದ್ದೇಶವನ್ನು ಕಾಗದದಲ್ಲಿ ಬರೆದಿಟ್ಟು ಕೊಲ್ಲುವವರು ಎಷ್ಟು ಮಂದಿ? 1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ ಏಳೆಂಟು ಸಾವಿರ ಮುಸ್ಲಿಮ್ ಪುರುಷರನ್ನೂ ಬಾಲಕರನ್ನೂ ಕೊಲ್ಲಲಾಯಿತು. 2007ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವು ಅದು ಜನಾಂಗ ಹತ್ಯೆಯೇ ಎಂದಿತು. ಸರ್ಬಿಯಾ ಅದನ್ನು ತಡೆಯಲಿಲ್ಲವೆಂದೂ ಹೇಳಿತು. ಆದರೆ ಆ ಹತ್ಯೆಯ ಹೊಣೆಯನ್ನು ಸರ್ಬಿಯಾದ ಮೇಲೆ ಹೊರಿಸಲಿಲ್ಲ, ಒಂದು ಡಾಲರ್ ಪರಿಹಾರವನ್ನೂ ವಿಧಿಸಲಿಲ್ಲ. ಹಿಮದ ಮೇಲೆ ಬಿದ್ದ ಕಬ್ಬಿಣಕ್ಕೆ ಸಿಕ್ಕಿದ್ದು ಆ ತಾಯಂದಿರಿಗೆ ಅಲ್ಲಿ ಸಿಗಲಿಲ್ಲ.

ಇದು ಪರದೇಶದ ಮಾತೆಂದು ಭಾವಿಸಬೇಡಿ. ಭಾರತವು 1959ರಲ್ಲಿ ಈ ಒಡಂಬಡಿಕೆಯನ್ನು ಅಂಗೀಕರಿಸುವಾಗ, ತನ್ನ ಒಪ್ಪಿಗೆಯಿಲ್ಲದೆ ಇದರ ವಿವಾದವನ್ನು ಹೇಗ್‌ಗೆ ಒಯ್ಯಕೂಡದೆಂಬ ಷರತ್ತು ಹಾಕಿತು. ಸರಿ, ಸ್ವದೇಶದ ನ್ಯಾಯಾಲಯಗಳಿವೆಯಲ್ಲ ಎನ್ನಬಹುದು. ಒಡಂಬಡಿಕೆಯ ಐದನೆಯ ವಿಧಿಯೂ ಪ್ರತಿಯೊಂದು ದೇಶ ತನ್ನದೇ ಕಾನೂನು ರಚಿಸಬೇಕೆನ್ನುತ್ತದೆ. ಆದರೆ 1984ರ ಸಿಖ್ ಹತ್ಯಾಕಾಂಡದ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ 2018ರಲ್ಲಿ ಜೀವಾವಧಿ ಶಿಕ್ಷೆ ನೀಡಿದ ದೆಹಲಿ ಹೈಕೋರ್ಟ್, ಜನಾಂಗ ಹತ್ಯೆ ನಮ್ಮ ದಂಡ ಕಾನೂನಿನಲ್ಲಿ ಅಪರಾಧವಾಗಿಯೇ ಇಲ್ಲ, ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕು ಎಂದು ತೀರ್ಪಿನಲ್ಲೇ ಬರೆಯಿತು. ಐದೂವರೆ ವರ್ಷಗಳ ಬಳಿಕ, 2024ರ ಜುಲೈ 1ರಂದು, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 358 ಕಲಮುಗಳಲ್ಲಿ ಜನಾಂಗ ಹತ್ಯೆಗೆ ಒಂದು ಕಲಮೂ ಇಲ್ಲ.