ಕಿವಿಯೋಲೆ, ಕಾಲುಬಾಯಿ ಜ್ವರ ಮತ್ತು ಯುರೋಪಿನ ಪೇಟೆ



ನೆಟ್ಟಣದ ಸುತ್ತಿನ ಅಡಿಕೆ, ತೆಂಗಿನ ತೋಟಗಳಿಗೆ ಗೊಬ್ಬರ ಒದಗಿಸುವುದು ಹಟ್ಟಿಯ ದನ. ಹಾಲಿನ ಸೊಸೈಟಿಯಿಂದ ಮನೆಗೆ ನಾಲ್ಕು ಕಾಸು ತರುವುದೂ ಅದೇ. ಈ ಹಟ್ಟಿಗೂ ಯುರೋಪಿನ ಮಾಂಸದ ಸಗಟು ಪೇಟೆಗೂ ಏನು ನಂಟು ಅಂತ ನೀವು ಕೇಳಬಹುದು. ನಂಟು ವ್ಯಾಪಾರದ್ದಲ್ಲ, ಒಂದು ರೋಗದ್ದು.

ಮೊದಲು ಒಂದು ಮಾತು ಸ್ಪಷ್ಟವಿರಲಿ. ದನದ ಮಾಂಸವನ್ನು ನಮ್ಮ ದೇಶದಿಂದ ರಫ್ತು ಮಾಡುವಂತಿಲ್ಲ. ಕರ್ನಾಟಕದ 2020ರ ಕಾಯಿದೆಯಂತೆ ದನ, ಕರು, ಎತ್ತು, ಹೋರಿಗಳನ್ನೂ 13 ವರ್ಷದೊಳಗಿನ ಎಮ್ಮೆ ಕೋಣಗಳನ್ನೂ ವಧೆ ಮಾಡುವಂತಿಲ್ಲ. ಭಾರತದಿಂದ ಹೊರಗೆ ಹೋಗುವುದು ಎಲುಬು ತೆಗೆದ ಎಮ್ಮೆಮಾಂಸ. ಅದೂ ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟ್ ಮುಂತಾದ ಕಡೆಗೆ. ಯುರೋಪಿನ ಬಾಗಿಲು ಅದಕ್ಕೆ ಮುಚ್ಚಿದೆ. ಮುಖ್ಯ ಕಾರಣ ಕಾಲುಬಾಯಿ ಜ್ವರ.

ಯುರೋಪಿನ ಒಕ್ಕೂಟದಲ್ಲಿ 2000ನೇ ಇಸವಿಯಲ್ಲಿ ಒಂದು ಕಾನೂನು ಬಂತು. ದನಕ್ಕೆ ಕಿವಿಯೋಲೆ ಇರಬೇಕು, ಲೆಕ್ಕಪುಸ್ತಕದಲ್ಲಿ ಅದರ ನಂಬರು ಇರಬೇಕು. ಎಲ್ಲಿ ಹುಟ್ಟಿತು, ಎಲ್ಲಿ ಬೆಳೆಯಿತು, ಎಲ್ಲಿ ಕಡಿದರು ಎಂಬುದು ಮಾಂಸದ ಚೀಟಿಯಲ್ಲಿರಬೇಕು. ಸಗಟು ವ್ಯಾಪಾರಿ ಮಾಂಸದ ಬಣ್ಣ, ಕೊಬ್ಬು ನೋಡಿದರೆ ಸಾಲದು, ಈ ಜಾತಕವನ್ನೂ ನೋಡಬೇಕು.

ಇಷ್ಟು ಬಿಗಿ ಯಾಕೆ? 2001ರಲ್ಲಿ ಬ್ರಿಟನ್ನಿಗೆ ಈ ಜ್ವರ ಹೊಕ್ಕಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. 2025ರ ಜನವರಿಯಲ್ಲಿ ಜರ್ಮನಿಯ ಬರ್ಲಿನ್ ಹತ್ತಿರ ಎಮ್ಮೆಗಳ ಒಂದೇ ಒಂದು ಮಂದೆಯಲ್ಲಿ ರೋಗ ಕಂಡಿತು. ಅಷ್ಟಕ್ಕೇ ಬ್ರಿಟನ್, ದಕ್ಷಿಣ ಕೊರಿಯಾ ಜರ್ಮನಿಯ ಮಾಂಸವನ್ನು ತಡೆದುಬಿಟ್ಟವು. ಒಂದು ಹಟ್ಟಿಯ ರೋಗ ಇಡೀ ದೇಶದ ಪೇಟೆ ಮುಚ್ಚಿಸಿತು, ನೋಡಿ!

ನಮಗೆ ಮಾಂಸದ ಪೇಟೆ ಬೇಡ, ಸರಿ. ಆದರೆ ನಷ್ಟ ನಮಗೂ ತಪ್ಪಿದ್ದಲ್ಲ. ರೋಗ ಬಂದ ದನ ಜೊಲ್ಲು ಸುರಿಸುತ್ತದೆ. ನಾಲಿಗೆ, ಒಸಡು, ಗೊರಸಿನ ಸಂದು, ಕೆಲವೊಮ್ಮೆ ಮೊಲೆಯ ಮೇಲೂ ಗುಳ್ಳೆ ಏಳುತ್ತವೆ. ಹಾಲು ಬತ್ತುತ್ತದೆ, ಎಳೆಗರು ಹಠಾತ್ತನೆ ಸಾಯಬಹುದು. ಗುಣವಾದರೂ ಎಷ್ಟೋ ದನ ಮೊದಲಿನಷ್ಟು ಹಾಲು ಕೊಡುವುದಿಲ್ಲ. ಬಿಸಿಲಿಗೆ ಏದುಸಿರು ಬಿಡುತ್ತದೆ.

ಈ ವೈರಾಣುವನ್ನು ಕೊಲ್ಲುವ ಮದ್ದಿಲ್ಲ. ಮೊದಲೇ ಲಸಿಕೆ ಹಾಕಿಸುವುದೊಂದೇ ದಾರಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ. ಕರುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಚುಚ್ಚುಮದ್ದು, ತಿಂಗಳ ನಂತರ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ದನ ತುಂಬುಗಬ್ಬವಾಗಿದ್ದರೆ ಲಸಿಕೆ ಹಾಕುವವರಿಗೆ ಮೊದಲೇ ಹೇಳಿ.

"ಚುಚ್ಚಿಸಿದರೆ ಹಾಲು ಇಳಿಯುತ್ತದೆ" ಅನ್ನುವವರಿದ್ದಾರೆ. ಹೌದು, ನಾಲ್ಕಾರು ದಿನ ಸ್ವಲ್ಪ ಇಳಿಯಬಹುದು, ಮತ್ತೆ ಏರುತ್ತದೆ. ರೋಗ ಬಂದರೆ ಹೋಗುವುದು ಇಡೀ ಸೂಲಿನ ಹಾಲು. ಯಾವುದು ಅಗ್ಗ, ನೀವೇ ಲೆಕ್ಕ ಹಾಕಿ.

12 ಅಂಕಿಯ ಹಳದಿ ಕಿವಿಯೋಲೆಯನ್ನು ಕಿತ್ತು ಬಿಸಾಡಬೇಡಿ. ಯಾವ ದನಕ್ಕೆ ಯಾವಾಗ ಲಸಿಕೆ ಆಯಿತೆಂಬ ಲೆಕ್ಕ ಆ ನಂಬರಿನಲ್ಲಿದೆ. ಹೊಸ ದನ ತಂದರೆ ಎರಡು ಮೂರು ವಾರ ಬೇರೆ ಕಟ್ಟಿ. ಜೊಲ್ಲು, ಕುಂಟು ಕಂಡ ದಿನವೇ ಪಶು ಆಸ್ಪತ್ರೆಗೆ ತಿಳಿಸಿ. ರೋಗದ ದನವನ್ನು ಮೇಯಲು ಬಿಡಬೇಡಿ, ಕರುವಿಗೆ ಮೊಲೆಯೂಡಿಸಬೇಡಿ. ಲೀಟರು ನೀರಿಗೆ 40 ಗ್ರಾಂ ಬಟ್ಟೆ ಸೋಡ ಕರಗಿಸಿ ಹಟ್ಟಿಯ ನೆಲ ತೊಳೆಯಿರಿ.

ನೆರೆಮನೆಯ ದನ ಲಸಿಕೆಯಿಲ್ಲದೆ ಉಳಿದರೆ ಊರಿಗೇ ಅಪಾಯ. ಲಸಿಕೆಯ ದಿನ ಅವರನ್ನೂ ಕರೆಯಿರಿ.